ಮಣ್ಣಿಗೂ ಒಂದು ಇಸಿ ಬೇಕು

ನಮ್ಮ ಚಿಕ್ಕಪ್ಪ ಇಪ್ಪತ್ತೆರಡು ವರ್ಷ ಬೆಂಗಳೂರಿನ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸ ಮಾಡಿದರು. ಸೈಕಲ್ ಹ್ಯಾಂಡಲ್, ಬಚ್ಚಲಮನೆ ನಲ್ಲಿ, ಬೀರುವಿನ ಹಿಡಿಕೆ, ಹೀಗೆ ಬಂದದ್ದಕ್ಕೆಲ್ಲ ನಿಕ್ಕಲ್ ಮತ್ತು ಕ್ರೋಮ್ ಹಾಕಿ ಹೊಳೆಯುವಂತೆ ಮಾಡುವುದು ಅಲ್ಲಿನ ಕೆಲಸ. ಬೇಸಿಗೆ ರಜೆಯಲ್ಲಿ ಮಧ್ಯಾಹ್ನದ ಊಟದ ಕ್ಯಾರಿಯರ್ ಕೊಡಲು ನಾನು ಹೋಗುತ್ತಿದ್ದೆ. ಬಾಗಿಲಲ್ಲೇ ಆಸಿಡ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಳಗೆ ಸಾಲಾಗಿ ಆರು ಟ್ಯಾಂಕು. ಕ್ರೋಮ್ ಟ್ಯಾಂಕಿನಲ್ಲಿ ಕಡುಗೆಂಪು ನೀರು. ಹಬೆ ಜಾಸ್ತಿ ಮೇಲೇಳಬಾರದು ಅಂತ ಅದರ ಮೇಲೆ ಪ್ಲಾಸ್ಟಿಕ್ ಚೆಂಡುಗಳನ್ನು ತೇಲಿಬಿಟ್ಟಿರುತ್ತಿದ್ದರು. ಚಿಕ್ಕಪ್ಪ ಕೊಕ್ಕೆ ಹಾಕಿ ಹ್ಯಾಂಡಲ್ ಎತ್ತಿ ತೊಳೆಯುವ ತೊಟ್ಟಿಗೆ ಒಯ್ಯುವಾಗ ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಿತ್ತು. ಆ ದಾರಿಯಲ್ಲಿ ಸಿಮೆಂಟ್ ನೆಲವೇ ಹಳದಿ ತಿರುಗಿತ್ತು. ತೊಳೆದ ನೀರು ಒಂದು ಸಣ್ಣ ಚರಂಡಿ ಹಿಡಿದು ಹಿಂದಿನ ಹೊಂಗೆ ಮರದ ಹತ್ತಿರದ ಗುಂಡಿಗೆ ಹೋಗುತ್ತಿತ್ತು.

ಆಮೇಲೆ ಶೆಡ್ಡು ಮುಚ್ಚಿತು. ಜಾಗ ಮಾರಾಟವಾಯಿತು. ಶೀಟು, ಟ್ಯಾಂಕು, ಮೋಟರ್ ಎಲ್ಲ ಗುಜರಿಗೆ ಹೋಯಿತು. ಕೆಲವು ವರ್ಷಗಳ ನಂತರ ಒಂದು ಮಳೆಗಾಲದಲ್ಲಿ ನಾನೂ ಚಿಕ್ಕಪ್ಪನೂ ಆ ರಸ್ತೆಯಲ್ಲಿ ಬರುತ್ತಿದ್ದೆವು. ಅಪಾರ್ಟ್‌ಮೆಂಟ್ ಕಟ್ಟಲು ಪಾಯ ತೋಡಿದ್ದರು. ಗುಂಡಿಯಲ್ಲಿ ನಿಂತಿದ್ದ ನೀರು ನಿಂಬೆಹಣ್ಣಿನ ಬಣ್ಣಕ್ಕಿತ್ತು. ಚಿಕ್ಕಪ್ಪ ತಗಡಿನ ಬೇಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದರು. "ಅದು ನಮ್ಮ ಟ್ಯಾಂಕಿನ ಬಣ್ಣ ಕಣೋ" ಅಂದರು.

ಒಂದು ಸೈಟು ಕೊಳ್ಳಬೇಕಾದರೆ ನಾವು ಎಷ್ಟು ಕಾಗದ ನೋಡುತ್ತೇವೆ! ಖಾತೆ, ಕಂದಾಯದ ರಸೀದಿ, ಹಳೇ ಕ್ರಯಪತ್ರ, ವಕೀಲರ ಅಭಿಪ್ರಾಯ. ಇವೆಲ್ಲದರ ಜೊತೆಗೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಆ ಜಾಗ ಯಾವ ಬ್ಯಾಂಕಿಗಾದರೂ ಅಡವಾಗಿದೆಯಾ, ಯಾರದ್ದಾದರೂ ಹಕ್ಕು ಉಳಿದಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಆದರೆ ಹಳೇ ಫ್ಯಾಕ್ಟರಿ ಜಾಗಕ್ಕೆ ಇನ್ನೊಂದು ಋಣ ಇರುತ್ತದೆ. ಅದನ್ನು ಮಾಡಿದವರು ಲಾಭ ಎಣಿಸಿಕೊಂಡು ಹೋಗಿರುತ್ತಾರೆ. ತೀರಿಸುವವರು ಇನ್ನೂ ಆ ಜಾಗಕ್ಕೆ ಬಂದೇ ಇರುವುದಿಲ್ಲ. ಆ ಋಣ ಯಾವ ಇಸಿಯಲ್ಲೂ ಕಾಣುವುದಿಲ್ಲ, ಯಾಕೆಂದರೆ ಅದು ಇರುವುದು ಮಣ್ಣಿನಲ್ಲಿ.

ಹೀಗೆ ಹಿಂದೆ ಕೈಗಾರಿಕೆಗೆ ಬಳಸಿ ಬಿಟ್ಟುಹೋದ ಜಾಗವನ್ನು ಬ್ರೌನ್‌ಫೀಲ್ಡ್ ಎನ್ನುತ್ತಾರೆ. ಹೊಲ, ಬಯಲು ಇದ್ದ ಹೊಸ ಜಾಗ ಗ್ರೀನ್‌ಫೀಲ್ಡ್. ಊರಿನೊಳಗಿನ ಹಳೇ ಜಾಗವನ್ನೇ ಮತ್ತೆ ಬಳಸಿದರೆ ಊರ ಹೊರಗಿನ ಹೊಲ, ಕೆರೆ ಉಳಿಯುತ್ತವೆ. ರಸ್ತೆ, ನೀರು, ಕರೆಂಟು ಆಗಲೇ ಇರುತ್ತವೆ. ಆದ್ದರಿಂದ ಹಳೇ ಫ್ಯಾಕ್ಟರಿ ಜಾಗದಲ್ಲಿ ಹೊಸದು ಕಟ್ಟುವುದು ತಪ್ಪಲ್ಲ. ನಿಜ ಹೇಳಬೇಕೆಂದರೆ ಅದೇ ಒಳ್ಳೆಯದು. ಆದರೆ ಕಟ್ಟುವ ಮೊದಲು ನೆಲವನ್ನು ವಿಚಾರಿಸಬೇಕು.

ಊರ ಹೊರಗಿದ್ದದ್ದು ಊರೊಳಗೆ ಬಂದ ಬಗೆ

ಊರ ನಡುವೆ ಫ್ಯಾಕ್ಟರಿ ಯಾಕೆ ಕಟ್ಟಿದರು ಅಂತ ಈಗಿನವರು ಕೇಳುತ್ತಾರೆ. ಊರ ನಡುವೆ ಯಾರೂ ಕಟ್ಟಲಿಲ್ಲ. 1884ರಲ್ಲಿ ಬಿನ್ನಿ ಮಿಲ್ ಶುರುವಾದಾಗ ಅದು ಬೆಂಗಳೂರಿನ ಅಂಚು. ಪಕ್ಕದಲ್ಲಿ ರೈಲು ಇತ್ತು, ನೀರಿಗೆ ಕೆರೆ ಇತ್ತು. ಮಲ್ಲೇಶ್ವರದ ಕಡೆ ರಾಜಾ ಮಿಲ್ ಬಂತು. ಸ್ವಾತಂತ್ರ್ಯದ ನಂತರ ಟೆಲಿಫೋನ್ ಮಾಡುವ ಐಟಿಐ, ಗಡಿಯಾರ ಮಾಡುವ ಎಚ್‌ಎಂಟಿ, ಮೋಟರ್ ಮಾಡುವ ಎನ್‌ಜಿಇಎಫ್ ಬಂದವು. ಆಗ ಅವೆಲ್ಲ ಊರಿಂದ ದೂರ. ಸೈರನ್ ಕೂಗಿದ ಹೊತ್ತಿಗೆ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕಾಲ ಅದು. ಊರು ಬೆಳೆಯುತ್ತ ಹೋಗಿ ಅವುಗಳನ್ನು ಸುತ್ತುಗಟ್ಟಿತು. ಒಂದು ದಿನ ಫ್ಯಾಕ್ಟರಿಯಲ್ಲಿ ತಯಾರಾಗುವ ಸಾಮಾನಿಗಿಂತ ಫ್ಯಾಕ್ಟರಿ ನಿಂತ ನೆಲಕ್ಕೇ ಹೆಚ್ಚು ಬೆಲೆ ಬಂತು.

ರಾಜಾ ಮಿಲ್ ಇದ್ದ ಕಡೆ ಈಗ ಮಂತ್ರಿ ಸ್ಕ್ವೇರ್ ಮಾಲ್ ಇದೆ. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇದ್ದ ಜಾಗದಲ್ಲಿ ಒರಾಯನ್ ಮಾಲ್ ಮತ್ತು ವರ್ಲ್ಡ್ ಟ್ರೇಡ್ ಸೆಂಟರ್ ಇವೆ. ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟುಗಳೆದ್ದಿವೆ. ಬಿಯರ್ ಮಾಡುತ್ತಿದ್ದ ಜಾಗ ಯುಬಿ ಸಿಟಿ ಆಗಿದೆ. ಇವೆಲ್ಲ ಕೆಟ್ಟ ನೆಲ ಎಂದು ನಾನು ಹೇಳುತ್ತಿಲ್ಲ. ನೂಲಿನ ಮಿಲ್ಲಿಗೂ ಪ್ಲೇಟಿಂಗ್ ಶೆಡ್ಡಿಗೂ ಅಜಗಜಾಂತರ. ಬಟ್ಟೆಗೆ ಬಣ್ಣ ಹಾಕುವ ವಿಭಾಗ ಇತ್ತೋ ಇಲ್ಲವೋ ಅನ್ನುವುದರಿಂದಲೇ ಒಂದು ಮಿಲ್ಲಿಗೂ ಇನ್ನೊಂದು ಮಿಲ್ಲಿಗೂ ವ್ಯತ್ಯಾಸವಾಗುತ್ತದೆ. ಗಮನಿಸಬೇಕಾದದ್ದು ಬೇರೆ. ಇಂಥ ಜಾಗಗಳು ಕೈ ಬದಲಾಯಿಸುವಾಗ ಊರಿನಲ್ಲಿ ನಡೆಯುವ ಮಾತೆಲ್ಲ ಎಕರೆಗೆ ಎಷ್ಟು, ಎಷ್ಟು ಮಹಡಿ, ಟ್ರಾಫಿಕ್ ಏನಾಗುತ್ತದೆ ಅನ್ನುವುದರ ಮೇಲೆ. ಕೆಳಗೆ ಏನಿದೆ ಅನ್ನುವ ಮಾತು ಬರುವುದೇ ಅಪರೂಪ.

ಮುಂಬೈನಲ್ಲೂ ಹಾಗೇ ಆಯಿತು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರಕ್ಕಿಳಿದರು. ಬಹಳಷ್ಟು ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. 1991ರ ನಿಯಮದ ಪ್ರಕಾರ ಗಿರಣಿ ಜಾಗವನ್ನು ಮೂರು ಪಾಲು ಮಾಡಬೇಕಿತ್ತು. ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಬಡವರ ಮನೆಗಳಿಗೆ, ಒಂದು ಪಾಲು ಮಾಲೀಕರಿಗೆ. 2001ರಲ್ಲಿ ಈ ಲೆಕ್ಕ ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಅಂತ ಬದಲಾಯಿತು. ಊರಿಗೆ ಸಿಗಬೇಕಿದ್ದ ಪಾಲು ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಈ ಬದಲಾವಣೆಯನ್ನು ಎತ್ತಿಹಿಡಿಯಿತು. ಜಾಗದ ಮೇಲ್ಮೈ ಯಾರಿಗೆ ಎಂಬ ಬಗ್ಗೆ ಅಷ್ಟು ದೊಡ್ಡ ಜಗಳ ನಡೆಯಿತು. ಅದು ನಡೆಯಲೇಬೇಕಿದ್ದ ಜಗಳ. ನಾನು ಇಲ್ಲಿ ಹೇಳಹೊರಟಿರುವುದು ಅದರ ಕೆಳಗಿನ ಕಥೆ.

ಮಣ್ಣಿನಲ್ಲಿ ಏನು ಉಳಿಯುತ್ತದೆ?

ಮೊದಲು ಲೋಹಗಳು. ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ. ಸೊಪ್ಪುಸದೆ ಕೊಳೆತು ಗೊಬ್ಬರವಾಗುತ್ತದೆ, ಲೋಹ ಕೊಳೆಯುವುದಿಲ್ಲ. ಸೀಸವನ್ನು ನೂರು ವರ್ಷ ಮಣ್ಣಲ್ಲಿ ಬಿಟ್ಟರೂ ಅದು ಸೀಸವೇ. ಹೆಚ್ಚೆಂದರೆ ತನ್ನ ರೂಪ ಬದಲಿಸುತ್ತದೆ. ಆ ರೂಪದಲ್ಲೇ ಎಲ್ಲ ಇದೆ. ನಮ್ಮ ಚಿಕ್ಕಪ್ಪನ ಕ್ರೋಮಿಯಂ ತೆಗೆದುಕೊಳ್ಳಿ. ಅದಕ್ಕೆ ಎರಡು ಮುಖ. ಮೂರರ ವೇಲೆನ್ಸಿಯ ಕ್ರೋಮಿಯಂ ಮಣ್ಣಿಗೆ ಅಂಟಿಕೊಂಡು ಕೂರುತ್ತದೆ, ಹೆಚ್ಚು ತೊಂದರೆ ಕೊಡುವುದಿಲ್ಲ. ಆರರದ್ದು ನೀರಿನಲ್ಲಿ ಸಲೀಸಾಗಿ ಕರಗಿ ಹರಿಯುತ್ತದೆ. ಉಸಿರಿನಲ್ಲಿ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಪ್ಲೇಟಿಂಗ್ ಟ್ಯಾಂಕಿನಲ್ಲಿ ಇರುವುದು ಆರರದ್ದೇ. ನೀರಿಗೆ ಹಳದಿ ಬಣ್ಣ ಕೊಡುವುದೂ ಅದೇ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಕಣ್ಣಿಗೆ ಹಳದಿ ಎದ್ದು ಕಾಣುವ ನೀರು ಆ ಮಿತಿಯನ್ನು ಯಾವತ್ತೋ ದಾಟಿರುತ್ತದೆ. ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಸರ್ಕಾರದ ಅಧ್ಯಯನಗಳಲ್ಲೇ ದಾಖಲಾಗಿದೆ.

ಎರಡನೆಯದು ಎಣ್ಣೆ ಮತ್ತು ದ್ರಾವಕಗಳು. ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಂಡರೆ ಅರ್ಧ ಕಥೆ ಅರ್ಥವಾದಂತೆ. ಪೆಟ್ರೋಲ್, ಡೀಸೆಲ್ ನೀರಿಗಿಂತ ಹಗುರ. ನೆಲಕ್ಕೆ ಇಳಿದರೂ ಅಂತರ್ಜಲದ ಮೇಲೆ ಸಾರಿನ ಮೇಲಿನ ಎಣ್ಣೆಯಂತೆ ತೇಲುತ್ತವೆ. ಹುಡುಕಿ ಹೀರಿ ತೆಗೆಯಬಹುದು. ಆದರೆ ಮಷಿನ್ ಭಾಗಗಳ ಜಿಡ್ಡು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಭಾರ. ಅದು ನೀರನ್ನೂ ದಾಟಿ ಕೆಳಗಿಳಿಯುತ್ತದೆ, ಬಂಡೆಯ ಬಿರುಕು ಸಿಕ್ಕಿದರೆ ಅಲ್ಲಿಗೂ ಇಳಿಯುತ್ತದೆ. ಬೆಂಗಳೂರಿನ ನೆಲದ ರಚನೆಯೇ ಹಾಗೆ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು, ಅದರ ಕೆಳಗೆ ಬಿರುಕು ಬಿಟ್ಟ ಗಟ್ಟಿ ಬಂಡೆ. ನಮ್ಮ ಬೋರ್‌ವೆಲ್ ನೀರು ಬರುವುದು ಅದೇ ಬಿರುಕುಗಳಿಂದ. ಬಿರುಕು ಯಾವ ಕಡೆ ಹೋಗುತ್ತದೆ ಎಂದು ಮೇಲಿನಿಂದ ಹೇಳುವುದು ಕಷ್ಟ. ಇಲ್ಲಿ ಚೆಲ್ಲಿದ್ದು ಪಕ್ಕದ ಬೋರಿಗೆ ಬಾರದೆ ಎರಡು ರಸ್ತೆ ಆಚೆಯ ಬೋರಿನಲ್ಲಿ ಕಾಣಿಸಿಕೊಳ್ಳಬಹುದು. ಇಂಥ ದ್ರಾವಕಗಳು ಆವಿಯಾಗಿ ನೆಲದ ಸೀಳಿನಿಂದ ಮನೆಯೊಳಗೂ ಬರುತ್ತವೆ. ಅಂದರೆ ಆ ನೀರು ಕುಡಿಯದೇ ಇದ್ದವರಿಗೂ ತಾಗುತ್ತವೆ.

ಇನ್ನು ಕಲ್ಲಿದ್ದಲಿನ ಡಾಂಬರು, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ, ಛಾವಣಿ ಶೀಟಿನ ಕಲ್ನಾರು (ಆಸ್‌ಬೆಸ್ಟಾಸ್). ಪ್ರತಿ ಕಸುಬೂ ನೆಲದಲ್ಲಿ ತನ್ನದೇ ಗುರುತು ಬಿಟ್ಟು ಹೋಗುತ್ತದೆ.

ಹಾಗಾದರೆ ವಿಷ ಇದ್ದ ನೆಲವೆಲ್ಲ ಅಪಾಯವೇ? ಅಲ್ಲ. ಈ ಕೆಲಸ ಮಾಡುವವರು ಮೂರು ಪ್ರಶ್ನೆ ಕೇಳುತ್ತಾರೆ. ವಿಷ ಇದೆಯಾ? ಅದು ಹೊರಬರಲು ದಾರಿ ಇದೆಯಾ? ಆ ದಾರಿಯ ತುದಿಯಲ್ಲಿ ಒಂದು ಜೀವ ಇದೆಯಾ? ಮೂರೂ ಸೇರಿದರೆ ಮಾತ್ರ ಅಪಾಯ. ಮಣ್ಣಿನಲ್ಲಿ ಸೀಸ ಇದೆ ಅಂದುಕೊಳ್ಳಿ. ಮೇಲೆ ಕಾಂಕ್ರೀಟ್ ಹಾಕಿದ ಗೋದಾಮು ಇದ್ದರೆ ಅದು ಸುಮ್ನೆ ಬಿದ್ದಿರುತ್ತದೆ. ಅದೇ ಮಣ್ಣಿನ ಮೇಲೆ ಶಿಶುವಿಹಾರದ ಆಟದ ಬಯಲು ಬಂದರೆ? ಮಗು ಮಣ್ಣಲ್ಲಿ ಆಡುತ್ತದೆ, ಅದೇ ಕೈ ಬಾಯಿಗೆ ಹೋಗುತ್ತದೆ. ಮಣ್ಣು ಅದೇ, ದಾರಿ ತೆರೆಯಿತು ಅಷ್ಟೇ. ಆದ್ದರಿಂದ ಎಷ್ಟು ಶುದ್ಧ ಮಾಡಬೇಕು ಎಂಬುದು ಮುಂದೆ ಅಲ್ಲಿ ಏನು ಬರುತ್ತದೆ ಎಂಬುದರ ಮೇಲೆ ನಿಂತಿದೆ. ತೊಂದರೆ ಏನೆಂದರೆ, ಇವತ್ತು ಗೋದಾಮು ಅಂತ ಬರೆದುಕೊಟ್ಟ ಜಾಗ ಹತ್ತು ವರ್ಷಕ್ಕೆ ಅಪಾರ್ಟ್‌ಮೆಂಟ್ ಆಗಬಹುದು. ಆಗ ಹಳೇ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ.

ತೊಳೆಯುವುದು ಹೇಗೆ?

ಮೊದಲ ಕೆಲಸ ಗುದ್ದಲಿಯದ್ದಲ್ಲ, ನೆನಪಿನದ್ದು. ಫ್ಯಾಕ್ಟರಿಯ ಹಳೇ ನಕ್ಷೆ, ಲೈಸೆನ್ಸಿನ ಕಾಗದ, ಹಳೇ ಫೋಟೋ, ಅಲ್ಲಿ ದುಡಿದವರ ಮಾತು. ಟ್ಯಾಂಕು ಎಲ್ಲಿತ್ತು, ಚರಂಡಿ ಯಾವ ಕಡೆ ಹರಿಯುತ್ತಿತ್ತು, ಕಸ ಎಲ್ಲಿ ಹೂಳುತ್ತಿದ್ದರು. ಇದು ಗೊತ್ತಾದ ಮೇಲೆಯೇ ಎಲ್ಲಿ ಕೊರೆದು ಮಣ್ಣು ತೆಗೆಯಬೇಕು ಅನ್ನುವುದು ತೀರ್ಮಾನವಾಗುತ್ತದೆ. ಇಪ್ಪತ್ತು ಎಕರೆಯಲ್ಲಿ ಕಣ್ಣುಮುಚ್ಚಿ ಹತ್ತು ಕಡೆ ಮಣ್ಣು ತೆಗೆದು "ಎಲ್ಲ ಸರಿಯಿದೆ" ಅಂತ ವರದಿ ಬರೆಯುವುದು ಬಹಳ ಸುಲಭ. ಚಿಕ್ಕಪ್ಪನ ಶೆಡ್ಡಿನ ಹಿಂದಿನ ಹೊಂಗೆ ಮರದಿಂದ ಐವತ್ತು ಅಡಿ ದೂರ ತೆಗೆದ ಮಣ್ಣು ಅಪ್ಪಟ ಕೆಂಪು ಮಣ್ಣಾಗಿಯೇ ಇರಬಹುದು.

ವಿಷ ಎಲ್ಲಿದೆ ಎಂದು ಗೊತ್ತಾದ ಮೇಲೆ ಎಲ್ಲರಿಗೂ ಮೊದಲು ಹೊಳೆಯುವುದು ಅಗೆದು ಲಾರಿಗೆ ತುಂಬಿ ಬೇರೆಡೆ ಹಾಕುವುದು. ಬೇಗ ಮುಗಿಯುತ್ತದೆ. ಆದರೆ ಮಣ್ಣು ಎಲ್ಲಿಗೆ ಹೋಯಿತು? ಅಪಾಯಕಾರಿ ತ್ಯಾಜ್ಯಕ್ಕೆಂದೇ ಪದರ ಹಾಕಿ ಕಟ್ಟಿದ ಹೊಂಡಕ್ಕೆ ಹೋದರೆ ಸರಿ. ರಾತ್ರಿ ಯಾವುದೋ ಕೆರೆಯಂಗಳಕ್ಕೋ ಹಾಳು ಬಿದ್ದ ಕ್ವಾರಿಗೋ ಸುರಿದರೆ ಒಂದು ಊರಿನ ಋಣವನ್ನು ಇನ್ನೊಂದು ಊರಿನ ಹೆಸರಿಗೆ ಬರೆದಂತೆ. ಭೋಪಾಲ್ ನೋಡಿ. ಯೂನಿಯನ್ ಕಾರ್ಬೈಡ್ ಅಂಗಳದಲ್ಲಿ ನಲವತ್ತು ವರ್ಷ ಬಿದ್ದಿದ್ದ ಸುಮಾರು 337 ಟನ್ ತ್ಯಾಜ್ಯವನ್ನು 2025ರ ಜನವರಿ ಮೊದಲ ವಾರದಲ್ಲಿ ಪೀಥಂಪುರಕ್ಕೆ ಸಾಗಿಸಿದರು. ಅಲ್ಲಿನ ಜನ ಬೀದಿಗಿಳಿದರು. ಮೊದಲು ಪ್ರಾಯೋಗಿಕವಾಗಿ ಸುಟ್ಟು, ಆಮೇಲೆ ಉಳಿದದ್ದನ್ನೂ ಸುಟ್ಟರು. ಹೋದದ್ದು ಮೂಟೆ ಕಟ್ಟಿಟ್ಟಿದ್ದ ತ್ಯಾಜ್ಯ ಮಾತ್ರ. ನೆಲಕ್ಕೆ, ಅಂತರ್ಜಲಕ್ಕೆ ಇಳಿದದ್ದು ಅಲ್ಲೇ ಇದೆ.

ಅಗೆದ ಮಣ್ಣನ್ನು ಅಲ್ಲೇ ತೊಳೆಯುವುದು ಇನ್ನೊಂದು ದಾರಿ. ಲೋಹವೂ ಎಣ್ಣೆಯೂ ಜಾಸ್ತಿ ಅಂಟಿಕೊಳ್ಳುವುದು ನಯವಾದ ಜೇಡಿಗೆ. ಮರಳಿಗೂ ಕಲ್ಲಿಗೂ ಅಷ್ಟು ಅಂಟುವುದಿಲ್ಲ. ಅಕ್ಕಿ ತೊಳೆದಂತೆ ಮಣ್ಣನ್ನು ನೀರಿನಲ್ಲಿ ಕಲಕಿ ಜರಡಿ ಹಿಡಿದರೆ ಜೇಡಿ ಬೇರೆಯಾಗುತ್ತದೆ. ಆ ಸ್ವಲ್ಪ ಜೇಡಿಯನ್ನು ಮಾತ್ರ ವಿಲೇವಾರಿ ಮಾಡಿದರೆ ಸಾಕು, ಉಳಿದದ್ದನ್ನು ಮತ್ತೆ ಬಳಸಬಹುದು. 2012ರ ಒಲಿಂಪಿಕ್ಸ್‌ಗೆ ಲಂಡನ್ನಿನ ಪೂರ್ವ ಭಾಗದಲ್ಲಿ ಮಾಡಿದ್ದು ಇದನ್ನೇ. ಅದು ಶತಮಾನಕ್ಕೂ ಹೆಚ್ಚು ಕಾಲ ಕಾರ್ಖಾನೆಗಳು, ಗುಜರಿ, ಕಸದ ತಿಪ್ಪೆ ಇದ್ದ ಜಾಗ. ಡಾಂಬರು, ಎಣ್ಣೆ, ಸೀಸ, ಆರ್ಸೆನಿಕ್ ಎಲ್ಲ ಇದ್ದವು. ಅಲ್ಲೇ 'ಮಣ್ಣಿನ ಆಸ್ಪತ್ರೆ' ಹಾಕಿ ಸುಮಾರು 20 ಲಕ್ಷ ಟನ್ ಮಣ್ಣನ್ನು ಸ್ವಚ್ಛ ಮಾಡಿದರು. ಹೆಚ್ಚಿನದು ಅಲ್ಲಿಯೇ ಮರುಬಳಕೆಯಾಯಿತು.

ಕೊಡೈಕೆನಾಲ್ ಕಥೆ ಇನ್ನೂ ಹತ್ತಿರದ್ದು. ಅಲ್ಲಿ ಹಿಂದೂಸ್ತಾನ್ ಲಿವರ್ ಕಂಪನಿಯ ಥರ್ಮಾಮೀಟರ್ ಫ್ಯಾಕ್ಟರಿ ಇತ್ತು. ಯಂತ್ರಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದಿಂದ 1980ರ ದಶಕದಲ್ಲಿ ಬಂದಿದ್ದವು. ಪಾದರಸ ಇದ್ದ ಒಡೆದ ಗಾಜು ಊರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿ, ಜನ ಪ್ರತಿಭಟಿಸಿ, 2001ರ ಮಾರ್ಚಿನಲ್ಲಿ ಫ್ಯಾಕ್ಟರಿ ಮುಚ್ಚಿತು. ಮಣ್ಣಿನಲ್ಲಿ ಎಷ್ಟು ಪಾದರಸ ಉಳಿದರೆ ಪರವಾಗಿಲ್ಲ ಅನ್ನುವ ಒಂದೇ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಎಂದು ನಿಗದಿ ಮಾಡಿದರು. ಈ ಲೆಕ್ಕ ಶೋಲಾ ಕಾಡಿನ ಅಂಚಿನ ಬೆಟ್ಟಕ್ಕೆ ಸಾಲದು ಎಂದು ಜನ ಹೇಳಿದರು. ಅವರ ಮಾತು ನನಗೆ ಸರಿ ಅನಿಸುತ್ತದೆ. ಪಾದರಸ ನೀರಿಗೆ ಸೇರಿದರೆ ಮೀನಿಗೆ, ಮೀನಿನಿಂದ ಮನುಷ್ಯರಿಗೆ ಬರುತ್ತದೆ. ಇಳಿಜಾರಿನಲ್ಲಿ ಕೂತ ಮಣ್ಣು ಒಂದೇ ಕಡೆ ನಿಲ್ಲುವುದಿಲ್ಲ, ಮಳೆಗೆ ಇಳಿಯುತ್ತದೆ.

ಅಗೆಯದೆಯೂ ಚಿಕಿತ್ಸೆ ಮಾಡಬಹುದು. ಆರರ ಕ್ರೋಮಿಯಂ ಇರುವ ನೆಲಕ್ಕೆ ಕಬ್ಬಿಣದ ಅಂಶವಿರುವ ರಾಸಾಯನಿಕ ಹಾಯಿಸಿದರೆ ಅದು ಮೂರರದ್ದಾಗಿ ಅಲ್ಲೇ ಕೂರುತ್ತದೆ. ಕಾಕಂಬಿ ಹಾಕಿ ಬ್ಯಾಕ್ಟೀರಿಯಾಗಳಿಂದಲೂ ಈ ಕೆಲಸ ಮಾಡಿಸುತ್ತಾರೆ. ದ್ರಾವಕದ ಆವಿಯನ್ನು ಕೊಳವೆ ಇಳಿಸಿ ಪಂಪಿನಿಂದ ಹೀರುತ್ತಾರೆ. ಎಣ್ಣೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಲ್ಲೇ ಇರುತ್ತವೆ, ಅವಕ್ಕೆ ಗಾಳಿ, ಗೊಬ್ಬರ ಕೊಟ್ಟರೆ ಸಾಕು. ಅಮೆರಿಕದ ಸಿಯಾಟಲ್ ನಗರದಲ್ಲಿ ಕಲ್ಲಿದ್ದಲಿನಿಂದ ಗ್ಯಾಸ್ ಮಾಡುತ್ತಿದ್ದ ಫ್ಯಾಕ್ಟರಿ 1956ರಲ್ಲಿ ನಿಂತಿತು. ರಿಚರ್ಡ್ ಹಾಗ್ ಎಂಬ ವಿನ್ಯಾಸಕಾರರು ಅದನ್ನು ಪಾರ್ಕ್ ಮಾಡಲು ಹೊರಟಾಗ ಮಣ್ಣಿಗೆ ಒಳಚರಂಡಿ ಗೊಬ್ಬರ, ಮರದ ಹೊಟ್ಟು ಬೆರೆಸಿ ಉಳುಮೆ ಮಾಡಿಸಿದರು. 1975ರಲ್ಲಿ ಪಾರ್ಕ್ ತೆರೆಯಿತು. ತುಕ್ಕು ಹಿಡಿದ ಗೋಪುರಗಳನ್ನು ಹಾಗೇ ಉಳಿಸಿಕೊಂಡರು. ಇಷ್ಟೆಲ್ಲ ಆದರೂ 1984ರಲ್ಲಿ ಡಾಂಬರಿನ ವಿಷ ಮತ್ತೆ ಪತ್ತೆಯಾಗಿ ಪಾರ್ಕನ್ನು ಕೆಲಕಾಲ ಮುಚ್ಚಬೇಕಾಯಿತು, ಮೇಲೆ ಹೊಸ ಮಣ್ಣಿನ ಪದರ ಹಾಕಬೇಕಾಯಿತು. ಒಮ್ಮೆ ತೊಳೆದು ಕೈ ಝಾಡಿಸಿಕೊಂಡು ಹೋಗುವ ಕೆಲಸ ಇದಲ್ಲ. ಹತ್ತಾರು ವರ್ಷ ನೀರು ಪರೀಕ್ಷೆ ಮಾಡುತ್ತಲೇ ಇರಬೇಕು.

ಗಿಡ ನೆಟ್ಟು ವಿಷ ತೆಗೆಯುವ ವಿಧಾನದ ಬಗ್ಗೆ ಜನಕ್ಕೆ ಬಹಳ ಪ್ರೀತಿ. ಕೆಲವು ಗಿಡಗಳು ಲೋಹ ಹೀರುವುದು ನಿಜ. ಆದರೆ ಬೇರು ಹೋದಷ್ಟು ಆಳಕ್ಕೆ ಮಾತ್ರ, ಅದೂ ಬಹಳ ನಿಧಾನ. ಹೀರಿದ ಗಿಡವನ್ನು ಕಡಿದು ಬೇರೆ ಕಡೆ ವಿಲೇವಾರಿ ಮಾಡಬೇಕು. ಹಸುವಿಗೆ ಹಾಕುವ ಹಾಗಿಲ್ಲ.

ಯಾರು ಕೊಡಬೇಕು ದುಡ್ಡು?

ಇದರ ಮೇಲೆಯೇ ಎಲ್ಲ ನಿಂತುಹೋಗುವುದು. ಕೆಡಿಸಿದವರು ಕೊಡಬೇಕು ಅನ್ನುವುದು ನ್ಯಾಯ. ಆದರೆ ಕಂಪನಿ ಮುಚ್ಚಿರುತ್ತದೆ, ಆಸ್ತಿ ಮಾರಿ ಸಾಲ ತೀರಿಸುವ ಲಿಕ್ವಿಡೇಟರ್ ಕೈಯಲ್ಲಿರುತ್ತದೆ. ಬ್ಯಾಂಕಿನ ಸಾಲ, ಕಾರ್ಮಿಕರ ಬಾಕಿ, ತೆರಿಗೆ ಎಲ್ಲ ಸರತಿಯಲ್ಲಿ ನಿಂತಿರುತ್ತವೆ. ಮಣ್ಣು ಬಂದು ಸಾಲಿನಲ್ಲಿ ನಿಲ್ಲುವುದಿಲ್ಲವಲ್ಲ.

ಅಮೆರಿಕದವರಿಗೆ ಇದು ಲವ್ ಕೆನಾಲ್‌ನಲ್ಲಿ ಅರ್ಥವಾಯಿತು. ನಯಾಗರಾ ಫಾಲ್ಸ್ ಊರಿನ ಒಂದು ಹಳೇ ಕಾಲುವೆಯಲ್ಲಿ ಹೂಕರ್ ಎಂಬ ಕೆಮಿಕಲ್ ಕಂಪನಿ 1940ರ ದಶಕದಿಂದ ಸುಮಾರು 21 ಸಾವಿರ ಟನ್ ತ್ಯಾಜ್ಯ ಹೂತಿತ್ತು. 1953ರಲ್ಲಿ ಮೇಲೆ ಮಣ್ಣು ಮುಚ್ಚಿ ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿತು. ಮಂಡಳಿ ಅಲ್ಲಿ ಶಾಲೆ ಕಟ್ಟಿತು. ಸುತ್ತ ಮನೆಗಳು ಬಂದವು. ವರ್ಷಗಳು ಕಳೆದು ಮಳೆ ಜೋರಾದಾಗ ನೆಲಮಾಳಿಗೆಗಳಲ್ಲಿ ಕಪ್ಪು ದ್ರವ ಜಿನುಗಿತು. ಲೋಯಿಸ್ ಗಿಬ್ಸ್ ಎಂಬ ತಾಯಿ ತನ್ನ ಮಗ ಯಾಕೆ ಪದೇ ಪದೇ ಹುಷಾರು ತಪ್ಪುತ್ತಾನೆ ಎಂದು ಕೇಳುತ್ತ ಮನೆಮನೆಗೆ ಹೋದಳು. 1978ರ ಆಗಸ್ಟ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು, ನೂರಾರು ಕುಟುಂಬಗಳು ಮನೆ ಬಿಟ್ಟವು. 1980ರಲ್ಲಿ ಸೂಪರ್‌ಫಂಡ್ ಕಾನೂನು ಬಂತು. ಕೆಡಿಸಿದವರಿಂದ ವಸೂಲಿ, ಅವರು ಸಿಗದಿದ್ದರೆ ನಿಧಿಯಿಂದ ಶುದ್ಧೀಕರಣ. ಆ ಕಾನೂನಿಗೆ ಹೆದರಿ ಯಾರೂ ಹಳೇ ಜಾಗ ಮುಟ್ಟದಂತಾದಾಗ, ಸಣ್ಣಪುಟ್ಟ ಜಾಗಗಳಿಗೆ ನೆರವು ಕೊಡಲು 2002ರಲ್ಲಿ ಬ್ರೌನ್‌ಫೀಲ್ಡ್ ಕಾನೂನು ಮಾಡಿದರು.

ನಮ್ಮಲ್ಲಿ ದಾರಿ ತೋರಿಸಿದ್ದು ರಾಜಸ್ಥಾನದ ಬಿಚ್ಛಡಿ ಎಂಬ ಹಳ್ಳಿ. ಉದಯಪುರದ ಹತ್ತಿರ, ಬಣ್ಣಗಳ ತಯಾರಿಕೆಗೆ ಬೇಕಾದ ಎಚ್-ಆಸಿಡ್ ಎಂಬ ರಾಸಾಯನಿಕ ತಯಾರಿಸುವ ಘಟಕಗಳು ಬಿಟ್ಟ ತ್ಯಾಜ್ಯದಿಂದ ಸುತ್ತಲಿನ ಬಾವಿಗಳ ನೀರಿನ ಬಣ್ಣವೇ ಬದಲಾಯಿತು. ಘಟಕಗಳು ಬೇಗ ನಿಂತವು, ವಿಷ ನಿಲ್ಲಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ಕೆಡಿಸಿದವರೇ ಶುದ್ಧ ಮಾಡುವ ಖರ್ಚು ಕೊಡಬೇಕು ಎಂದು ಸ್ಪಷ್ಟವಾಗಿ ಹೇಳಿತು. ಆ ಹಣಕ್ಕಾಗಿ 2011ರಲ್ಲೂ ಕೋರ್ಟ್ ಮತ್ತೆ ಆದೇಶ ಮಾಡಬೇಕಾಯಿತು. ತೀರ್ಪಿಗೂ ಮಣ್ಣಿಗೂ ನಡುವೆ ಹದಿನೈದು ವರ್ಷ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮ ತಂದಿದೆ. ದೇಶದಲ್ಲಿ ಆಗ ಗುರುತಿಸಲಾಗಿದ್ದ ಕಲುಷಿತ ಜಾಗಗಳು 103. ಶುದ್ಧೀಕರಣ ಶುರುವಾಗಿದ್ದದ್ದು 7ರಲ್ಲಿ ಮಾತ್ರ. ಹೊಸ ನಿಯಮದಂತೆ ಜಿಲ್ಲಾಡಳಿತ ಅನುಮಾನವಿರುವ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಕೊಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರೀಕ್ಷೆ ಮಾಡಿಸಬೇಕು. ಆಮೇಲೆ ವಿವರವಾದ ಪರೀಕ್ಷೆ. ಖರ್ಚು ಕೆಡಿಸಿದವರದ್ದು. ಅವರು ಸಿಗದಿದ್ದರೆ ಸರ್ಕಾರದ್ದು. ಇದು ಬಹಳ ದೊಡ್ಡ ಹೆಜ್ಜೆ, ನನಗೆ ನಿಜಕ್ಕೂ ಖುಷಿಯಾಯಿತು. ಆದರೆ ಗಣಿಗಾರಿಕೆಯಿಂದ ಕೆಟ್ಟ ಜಾಗಗಳನ್ನು ಈ ನಿಯಮ ಹೊರಗಿಟ್ಟಿದೆ.

ಕನ್ನಡಿಗರಿಗೆ ಇಲ್ಲಿ ಕೆಜಿಎಫ್ ನೆನಪಾಗದೆ ಇರುವುದಿಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಚಿನ್ನ ತೆಗೆಯಲು ಅದಿರಿನ ಪುಡಿಯನ್ನು ಸೈನೈಡ್‌ನಲ್ಲಿ ತೊಳೆದು ಬಿಟ್ಟ ಮಣ್ಣು ಗುಡ್ಡಗಳಾಗಿ ಊರಿನ ಮಗ್ಗುಲಲ್ಲೇ ನಿಂತಿದೆ. ಊರಿನವರು ಅದನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಎದ್ದರೆ ಆ ನುಣುಪು ಪುಡಿ ಮನೆಯೊಳಗೆ ಬಂದು ಕೂರುತ್ತದೆ. 2024ರಲ್ಲಿ ಸುಮಾರು ಸಾವಿರ ಎಕರೆಯಲ್ಲಿರುವ 13 ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿತು. ಚಿನ್ನ ತೆಗೆದ ಮೇಲೂ ಪುಡಿ ಉಳಿಯುತ್ತದೆ ಅಲ್ವಾ? ಅದನ್ನು ಎಲ್ಲಿ, ಹೇಗೆ ಮುಚ್ಚಿಡುತ್ತಾರೆ ಎಂಬುದನ್ನು ಟೆಂಡರಿನಲ್ಲೇ ಬರೆಯಬೇಕು. ಮೂರು ತಲೆಮಾರು ಆ ಧೂಳು ನುಂಗಿದವರಿಗೆ ಅದನ್ನು ಕೇಳುವ ಹಕ್ಕಿದೆ.

ಆಮೇಲೆ ಏನು ಕಟ್ಟಬೇಕು?

ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ಒಂದು ಕಬ್ಬಿಣದ ಕಾರ್ಖಾನೆ ಮುಚ್ಚಿತು. ಅದನ್ನು ಒಡೆಯಲಿಲ್ಲ. ಪೀಟರ್ ಲಾಟ್ಸ್ ಎಂಬ ವಿನ್ಯಾಸಕಾರರ ಯೋಜನೆಯಂತೆ ಕುಲುಮೆಗಳನ್ನು ನಿಲ್ಲಿಸಿಕೊಂಡೇ ಪಾರ್ಕ್ ಮಾಡಿದರು. ಅದಿರು ತುಂಬುತ್ತಿದ್ದ ಗೋಡೆಗಳ ಮೇಲೆ ಜನ ಹತ್ತುವುದನ್ನು ಕಲಿಯುತ್ತಾರೆ. ಗ್ಯಾಸ್ ತುಂಬುತ್ತಿದ್ದ ದೊಡ್ಡ ಟ್ಯಾಂಕಿಗೆ ನೀರು ತುಂಬಿ ಡೈವಿಂಗ್ ಮಾಡುತ್ತಾರೆ. ನನಗೆ ಬಹಳ ಹಿಡಿಸಿದ್ದು ಇದಲ್ಲ. ಅತಿ ಕೆಟ್ಟ ಮಣ್ಣನ್ನು ಅವರು ಬೇರೆ ಊರಿಗೆ ಕಳಿಸದೆ ಅಲ್ಲಿನ ಹಳೇ ಬಂಕರುಗಳಲ್ಲೇ ಹಾಕಿ ಭದ್ರವಾಗಿ ಮುಚ್ಚಿಟ್ಟರು. ಪಕ್ಕದ ಬಂಕರುಗಳಲ್ಲಿ ಹೂತೋಟ ಮಾಡಿದರು. ವಿಷ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿದೆ.

ಬೆಂಗಳೂರಿಗೂ ಈಗ ಅಂಥ ಅವಕಾಶ ಇದೆ. ಜರ್ಮನಿಯ ಎಇಜಿ ಕಂಪನಿಯ ಸಹಕಾರದಲ್ಲಿ ಬೆಳೆದು, ಮೋಟರ್, ಟ್ರಾನ್ಸ್‌ಫಾರ್ಮರ್ ಮಾಡಿ, ನಷ್ಟದಲ್ಲಿ ಮುಚ್ಚಿದ ಎನ್‌ಜಿಇಎಫ್‌ನ ಬೈಯಪ್ಪನಹಳ್ಳಿಯ ಜಾಗದಲ್ಲಿ ಸುಮಾರು 65 ಎಕರೆ ವೃಕ್ಷೋದ್ಯಾನಕ್ಕೆ ಸರ್ಕಾರ ಕೈ ಹಾಕಿದೆ. 1936ರಲ್ಲಿ ಶುರುವಾದ ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್ ಅಂಗಳದಲ್ಲಿ ಬೆಂಗಳೂರಿನ ಕಥೆ ಹೇಳುವ ಮ್ಯೂಸಿಯಂ ಮಾಡುವ ಯೋಜನೆ ಇದೆ. ಎರಡೂ ಕಡೆ ಬೀಗ ಹಾಕಿದ ಇಪ್ಪತ್ತು ವರ್ಷಗಳಲ್ಲಿ ಮರಗಳು ತಾವಾಗಿಯೇ ಬೆಳೆದಿವೆ. ಮಾಲ್ ಅಲ್ಲದೆ ಪಾರ್ಕ್ ಮತ್ತು ಮ್ಯೂಸಿಯಂ ಅಂದದ್ದೇ ನೆಮ್ಮದಿಯ ವಿಷಯ. ಆದರೆ ಮಕ್ಕಳು ಬರಿಗಾಲಲ್ಲಿ ಓಡುವ ಜಾಗ ಮಾಲಿಗಿಂತಲೂ ಜಾಸ್ತಿ ಶುದ್ಧವಾಗಿರಬೇಕು. ಮಾಲಿನಲ್ಲಿ ನಡುವೆ ಕಾಂಕ್ರೀಟ್ ಇರುತ್ತದೆ, ಪಾರ್ಕಿನಲ್ಲಿ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಮಾಡಿದ ಜಾಗದಲ್ಲಿ ಮೊದಲು ಹುಡುಕಬೇಕಾದ್ದು ಎಣ್ಣೆ ಮತ್ತು ಪಿಸಿಬಿ. ಟ್ಯೂಬ್‌ಲೈಟ್ ಮಾಡಿದ ಜಾಗದಲ್ಲಿ ಪಾದರಸ. ಪರೀಕ್ಷೆಯ ಫಲ ಏನೇ ಬರಲಿ, ಗೇಟಿನ ಹತ್ತಿರದ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಲಿ.

ಇನ್ನು ಫ್ಲಾಟ್ ಕೊಳ್ಳುವವರು. ಇಲ್ಲಿ ಮೊದಲು ಏನಿತ್ತು ಅಂತ ಅಕ್ಕಪಕ್ಕದ ಹಳಬರನ್ನು ಕೇಳಿ. ಫ್ಯಾಕ್ಟರಿ ಇತ್ತು ಅಂದರೆ ಯಾವ ಫ್ಯಾಕ್ಟರಿ ಅಂತ ಕೇಳಿ. ಬೋರ್‌ವೆಲ್ ನೀರಿಗೆ ಸಾಮಾನ್ಯವಾಗಿ ಗಡಸುತನ, ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ), ಬ್ಯಾಕ್ಟೀರಿಯಾ ಪರೀಕ್ಷೆಯಷ್ಟೇ ಮಾಡಿಸುತ್ತಾರೆ. ಅದರಲ್ಲಿ ಕ್ರೋಮಿಯಂ ಬರುವುದಿಲ್ಲ. ಭಾರ ಲೋಹಗಳ ಪರೀಕ್ಷೆ ಬೇರೆಯೇ, ಅದನ್ನು ಹೆಸರು ಹೇಳಿ ಕೇಳಬೇಕು.

ಈ ಲೇಖನ ಬರೆಯುವಾಗ ಚಿಕ್ಕಪ್ಪನ ಹತ್ತಿರ ಹೋಗಿದ್ದೆ. ಟ್ಯಾಂಕುಗಳು ಯಾವ ಕ್ರಮದಲ್ಲಿದ್ದವು ಅಂತ ಕೇಳಿದೆ. ಅವರು ಹಳೇ ಕ್ಯಾಲೆಂಡರ್ ಹಾಳೆ ಹರಿದು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಆರು ಚೌಕ ಬರೆದರು. ಚರಂಡಿಗೆ ಒಂದು ಗೆರೆ ಎಳೆದರು. ಗೆರೆಯ ತುದಿಯಲ್ಲಿ ಒಂದು ಮರ, ಮರದ ಪಕ್ಕ ಒಂದು ಗುಂಡಿ. ಗುಂಡಿಯ ಮೇಲೆ ಗುಣಾಕಾರದ ಗುರುತು ಹಾಕಿದರು. "ಯಾರಾದರೂ ಬಂದರೆ ಮೊದಲು ಇಲ್ಲಿ ನೋಡೋಕೆ ಹೇಳು" ಅಂದರು. ಹಾಳೆ ನನ್ನ ಹತ್ತಿರ ಇದೆ.